ಬಿದನೂರಿನ ಹೆಬ್ಬಾಗಿಲು

ಹಳೆಯ ರಾಜಧಾನಿಯೊಂದರ ಚರಿತ್ರೆಯನ್ನು ಅರಿಯಬಯಸುವವನು ಮೊದಲು ನಿಂತು ನೋಡಬೇಕಾದುದು ಅದರ ಹೆಬ್ಬಾಗಿಲನ್ನು. ಅರಮನೆಯು ಅರಸನ ವೈಭವವನ್ನು ಸಾರುತ್ತದೆ, ದೇಗುಲವು ಅವನ ಭಕ್ತಿಯನ್ನು ಸಾರುತ್ತದೆ. ಆ ರಾಜ್ಯಕ್ಕೆ ಯಾರ ಭಯವಿತ್ತು, ಯಾರಲ್ಲಿ ವಿಶ್ವಾಸವಿತ್ತು ಎಂಬುದನ್ನು ಹೇಳಬಲ್ಲುದು ಊರ ಬಾಗಿಲೊಂದೇ. ಮಲೆನಾಡಿನ ಕೆಳದಿ ಅರಸರ ಕೊನೆಯ ರಾಜಧಾನಿಯಾಗಿದ್ದ ಬಿದನೂರು, ಎಂದರೆ ಇಂದಿನ ನಗರ, ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಶಿವಮೊಗ್ಗೆಯಿಂದ ತುಂಗೆಯ ದಂಡೆಯನ್ನು ಅನುಸರಿಸಿ ಗಾಜನೂರು, ಸಕ್ರೆಬೈಲು, ಮಂಡಗದ್ದೆಗಳ ಮಾರ್ಗವಾಗಿ ತೀರ್ಥಹಳ್ಳಿಯನ್ನು ಸೇರಿ, ಅಲ್ಲಿಂದ ವಾಯವ್ಯಕ್ಕೆ ತಿರುಗಿದರೆ ನಗರವನ್ನು ತಲಪಬಹುದು. ಸಕ್ರೆಬೈಲಿನಲ್ಲಿ ಆನೆಗಳ ಬಿಡಾರವನ್ನು ದಾಟಿದೊಡನೆ ಕಾಡು ದಟ್ಟವಾಗುತ್ತ ಹೋಗುತ್ತದೆ. ಈ ದಾರಿಯಲ್ಲಿ ಹೋಗುವವನಿಗೆ ಒಂದು ಸಂಗತಿ ತಾನಾಗಿಯೇ ಮನವರಿಕೆಯಾಗುತ್ತದೆ: ಬಿದನೂರಿನ ಕೋಟೆಯು ಬಿದನೂರಿನಲ್ಲಿ ಆರಂಭವಾಗುವುದಿಲ್ಲ. ಕಾಡು, ಕಣಿವೆ, ಹೊಳೆ, ಘಟ್ಟ ಇವೆಲ್ಲವೂ ಆ ಕೋಟೆಯ ಹೊರಸುತ್ತುಗಳೇ. ಕಲ್ಲಿನ ಬಾಗಿಲು ಈ ಸಾಲಿನಲ್ಲಿ ಕೊನೆಯದು.

ಕೆಳದಿಯಲ್ಲಿ ಆರಂಭವಾದ ಈ ವೀರಶೈವ ರಾಜಮನೆತನದ ರಾಜಧಾನಿಯು ಮುಂದೆ ಸಾಗರದ ಸಮೀಪದ ಇಕ್ಕೇರಿಗೆ ಬಂದಿತು. ಆ ಇಕ್ಕೇರಿಯ ಬಾಗಿಲುಗಳನ್ನು ಕಣ್ಣಾರೆ ಕಂಡು ಬರೆದಿಟ್ಟ ವಿದೇಶೀಯನೊಬ್ಬನಿದ್ದಾನೆ. ಇಟಲಿಯ ಪ್ರವಾಸಿಯಾದ ಪಿಯೆತ್ರೊ ದೆಲ್ಲಾ ವಾಲ್ಲೆಯು 1623ರಲ್ಲಿ ಪೋರ್ಚುಗೀಸರ ರಾಯಭಾರಿಯೊಡನೆ ಹಿರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದಿದ್ದನು. ಊರನ್ನು ಹೊಗುವಾಗ ತಾವು ಮೂರು ಬಾಗಿಲುಗಳನ್ನು, ಮೂರು ಆವರಣಗಳನ್ನು ದಾಟಿದೆವೆಂದು ಅವನು ತಿಳಿಸುತ್ತಾನೆ. ಅವುಗಳಲ್ಲಿ ಮೊದಲನೆಯದು ಗೋಡೆಯಾಗಿರಲಿಲ್ಲ. ಒತ್ತಾಗಿ ನೆಟ್ಟು ಎತ್ತರವಾಗಿ ಬೆಳೆಸಿದ ಬಿದಿರಿನ ಮೆಳೆಯಾಗಿತ್ತು. ಉಳಿದೆರಡು ಗೋಡೆಗಳು ಅವನ ಕಣ್ಣಿಗೆ ಅಷ್ಟೇನೂ ಬಲವಾಗಿ ಕಾಣಲಿಲ್ಲ. ಯುರೋಪಿನ ಕೋಟೆಗಳನ್ನು ಕಂಡವನಿಗೆ ಹಾಗೆ ತೋರಿದುದು ಸಹಜವೇ. ಆದರೆ ಮಳೆ ಬಿದ್ದಷ್ಟೂ ದಟ್ಟವಾಗುವ, ಕಡಿದರೂ ಮತ್ತೆ ಚಿಗುರುವ ಬಿದಿರಿಗಿಂತ ಮಲೆನಾಡಿಗೆ ಒಪ್ಪುವ ಬೇಲಿ ಬೇರೊಂದಿಲ್ಲವೆಂಬುದನ್ನು ಇಲ್ಲಿಯ ಅರಸರು ಅರಿತಿದ್ದರು.

1637ರಲ್ಲಿ ಬಿಜಾಪುರದ ಸೈನ್ಯವು ಇಕ್ಕೇರಿಯ ಮೇಲೆರಗಿ ಅದನ್ನು ಹಾಳುಗೆಡವಿತು. ಬಯಲಿಗೆ ಸಮೀಪವಾದ ಆ ಸ್ಥಳವು ಇನ್ನು ಕ್ಷೇಮವಲ್ಲವೆಂದು ಕಂಡು, ವೀರಭದ್ರ ನಾಯಕನು 1639ರ ಸುಮಾರಿಗೆ ರಾಜಧಾನಿಯನ್ನು ಬೆಟ್ಟಗಳ ನಡುವಣ ಬಿದನೂರಿಗೆ ಸಾಗಿಸಿದನು. ಈ ಊರಿನ ಹೆಸರಿನಲ್ಲಿಯೇ ಬಿದಿರು ಇದೆ. ಸಂಸ್ಕೃತದಲ್ಲಿ ಇದನ್ನು ವೇಣುಪುರವೆಂದು ಕರೆದರು. 1645ರಲ್ಲಿ ಪಟ್ಟವೇರಿದ ಶಿವಪ್ಪ ನಾಯಕನ ಕಾಲದಲ್ಲಿ ಈ ನಗರವು ಉನ್ನತಿಗೆ ಬಂದಿತು. ಹೊಸಂಗಡಿ ಘಟ್ಟದ ಮೂಲಕ ಕರಾವಳಿಯ ಬಂದರುಗಳಿಗೆ ಅಕ್ಕಿಯೂ ಮೆಣಸೂ ಇಳಿಯುತ್ತಿದ್ದವು. ಹೀಗೆ ಬಿದನೂರಿನ ಬಾಗಿಲು ಕಾವಲಿನ ಬಾಗಿಲಾಗಿದ್ದಂತೆಯೇ ವ್ಯಾಪಾರದ ಬಾಗಿಲೂ ಆಗಿದ್ದಿತು. ಭೂಮಿಯ ಫಲವನ್ನು ಪರೀಕ್ಷಿಸಿ ಕಂದಾಯವನ್ನು ಗೊತ್ತುಪಡಿಸಿದ ಶಿವಪ್ಪ ನಾಯಕನ ‘ಶಿಸ್ತು’ ಇಂದಿಗೂ ಮನೆಮಾತಾಗಿದೆ.

ಇಂದು ನಗರದಲ್ಲಿ ಉಳಿದಿರುವುದು ಕೆರೆಯ ಮಗ್ಗುಲಿನ ಗುಡ್ಡದ ಮೇಲಣ ಕೋಟೆ. ಹೆಬ್ಬಾಗಿಲಿನ ಇಕ್ಕೆಲಗಳಲ್ಲಿ ದುಂಡನೆಯ ಕೊತ್ತಳಗಳು ನಿಂತಿವೆ. ಬಾಗಿಲಿನತ್ತ ಬರುವವನು ಮೇಲಿನ ಕಾವಲುಗಾರರ ಕಣ್ಣು ತಪ್ಪಿಸಿ ಬರುವುದು ಸಾಧ್ಯವಿಲ್ಲದಂತೆ ಈ ಕೊತ್ತಳಗಳು ಮುಂಚಾಚಿವೆ. ಒಳಗೆ ಕಟ್ಟಡಗಳ ಅಡಿಪಾಯಗಳು, ಜಗಲಿಗಳು, ಕೊಳಗಳು ಕಾಣಸಿಗುತ್ತವೆ. ಗೋಡೆಯ ಸಂದುಗಳಲ್ಲಿ ಹುಲ್ಲು ಬೆಳೆದಿದೆ, ಮಳೆಗಾಲದಲ್ಲಿ ಕಲ್ಲೆಲ್ಲ ಹಾವಸೆ ಹಿಡಿಯುತ್ತದೆ. ಆದರೂ ಬಾಗಿಲಿನ ರಚನೆಯ ಗಾಂಭೀರ್ಯವು ಕುಂದಿಲ್ಲ.

ಈ ಬಾಗಿಲಿನ ಮುಂದೆ ನಿಂತವನಿಗೆ ಎರಡು ಪ್ರಸಂಗಗಳು ನೆನಪಿಗೆ ಬರಬೇಕು. ಮೊದಲನೆಯದು 1689ರದು. ಶಿವಾಜಿಯ ಮಗನಾದ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು, ವೇಷ ಮರೆಸಿ ಜಿಂಜಿಯ ಕಡೆಗೆ ಸಾಗುತ್ತಿದ್ದಾಗ ಕೆಳದಿಯ ರಾಣಿ ಚೆನ್ನಮ್ಮಾಜಿಯು ಅವನಿಗೆ ಆಶ್ರಯವಿತ್ತಳು. ಔರಂಗಜೇಬನ ಕೋಪವನ್ನು ಎದುರು ಹಾಕಿಕೊಳ್ಳುವುದೆಂದರೆ ಏನೆಂಬುದನ್ನು ಅರಿಯದವಳೇನೂ ಅವಳಾಗಿರಲಿಲ್ಲ. ಶರಣು ಬಂದವನನ್ನು ಒಪ್ಪಿಸಿಬಿಟ್ಟಿದ್ದರೆ ರಾಜ್ಯವು ನಿರಾಯಾಸವಾಗಿ ಉಳಿಯುತ್ತಿದ್ದಿತು. ಅವಳು ಹಾಗೆ ಮಾಡದೆ ಅವನನ್ನು ಸುರಕ್ಷಿತವಾಗಿ ಮುಂದಕ್ಕೆ ಕಳುಹಿಸಿದಳು. ಬೆನ್ನಟ್ಟಿ ಬಂದ ಮೊಗಲ ಸೈನ್ಯವನ್ನು ಎದುರಿಸಿದಳು. ಅಂದು ರಾಜ್ಯದ ಬಾಗಿಲು ನಿರಾಶ್ರಿತನಿಗೆ ತೆರೆಯಿತು, ಅವನನ್ನು ಅಟ್ಟಿಬಂದವರಿಗೆ ಮುಚ್ಚಿತು.

ಎರಡನೆಯದು 1763ರದು. ಬಸವಪ್ಪ ನಾಯಕನ ಮರಣಾನಂತರ ಪಟ್ಟದ ಹಕ್ಕಿನ ವಿಷಯದಲ್ಲಿ ವಿವಾದವೆದ್ದಿತ್ತು. ತಾನೇ ನಿಜವಾದ ಉತ್ತರಾಧಿಕಾರಿ ಎಂದು ಹೇಳಿಕೊಳ್ಳುತ್ತಿದ್ದ ಚೆನ್ನಬಸವನೆಂಬವನ ಪಕ್ಷವನ್ನು ಹಿಡಿದು ಹೈದರಾಲಿಯು ದಂಡೆತ್ತಿ ಬಂದನು. ಅವನು ಶಿವಮೊಗ್ಗೆ, ಕುಂಸಿಗಳ ದಾರಿಯಾಗಿ ಮುಂದುವರಿದಂತೆ ರಾಣಿ ವೀರಮ್ಮಾಜಿಯು ಹಣವನ್ನು ಕೊಡುವುದಾಗಿ ಹೇಳಿಕಳುಹಿಸಿದಳು. ಅವನು ಅದನ್ನು ತಿರಸ್ಕರಿಸಿದನು. ಆಂಗ್ಲ ಇತಿಹಾಸಕಾರ ವಿಲ್ಕ್ಸನು ಕೊಡುವ ವಿವರದಂತೆ, ರಾಜ್ಯದ ಮಾಜಿ ಮಂತ್ರಿಯಾದ ಲಿಂಗಣ್ಣನೆಂಬವನು ರಾಜಧಾನಿಯೊಳಕ್ಕೆ ಹೋಗುವ ಗುಪ್ತಮಾರ್ಗವನ್ನು ಹೈದರನಿಗೆ ತೋರಿಸಿಕೊಟ್ಟನು. ‘ಕೆಳದಿನೃಪವಿಜಯ’ವನ್ನು ರಚಿಸಿದ ಕವಿ ಲಿಂಗಣ್ಣನೊಡನೆ ಈತನನ್ನು ವಿದ್ಯಾರ್ಥಿಗಳು ಗೊಂದಲಿಸಿಕೊಳ್ಳಬಾರದು. ಎದುರಿನ ಠಾಣ್ಯಗಳ ಮೇಲೆ ಗದ್ದಲದ ತೋರಿಕೆಯ ದಾಳಿ ನಡೆಯುತ್ತಿರಲು, ಆಯ್ದ ಸೈನ್ಯವು ಗುಪ್ತಮಾರ್ಗದಿಂದ ಊರನ್ನು ಹೊಕ್ಕಿತು. ರಾಣಿಯು ಬಲ್ಲಾಳರಾಯನ ದುರ್ಗಕ್ಕೆ ಸರಿದು, ಅಲ್ಲಿ ಸೆರೆಸಿಕ್ಕಿ, ಮಧುಗಿರಿಯ ಬಂಧನಕ್ಕೆ ಹೋದಳು. ಬಿದನೂರು ಹೈದರನಗರವಾಯಿತು, ಆ ಹೆಸರೇ ಮೊಟಕಾಗಿ ಇಂದಿನ ನಗರವೆಂಬ ಹೆಸರು ಉಳಿದಿದೆ.

ಇಲ್ಲಿ ವಿಚಾರ ಮಾಡಬೇಕಾದ ಅಂಶವೊಂದಿದೆ. ರಾಜಧಾನಿಯ ಪತನದ ಹೊಣೆಯನ್ನೆಲ್ಲ ದಾರಿ ತೋರಿದ ಒಬ್ಬನ ಮೇಲೆ ಹೊರಿಸಿಬಿಡುವುದು ಸುಲಭ. ಆದರೆ ಮಂತ್ರಿಯಾಗಿದ್ದವನು ವೈರಿಯ ಪಕ್ಷವನ್ನು ಸೇರುವಂತಾದುದೂ, ಪಟ್ಟದ ಹಕ್ಕು ಹೊರಗಿನವನ ಪಂಚಾಯಿತಿಗೆ ಬಿದ್ದುದೂ ಕೋಟೆಯು ಬೀಳುವುದಕ್ಕೆ ಮುಂಚಿನ ಸಂಗತಿಗಳು. ಹೈದರನ ದಂಡು ಬರುವ ಹೊತ್ತಿಗೆ ಬಾಗಿಲಿನ ಅಗುಳಿಯನ್ನು ಒಳಗಿನವರೇ ಸರಿಸಿದ್ದರು. ಚೆನ್ನಮ್ಮಾಜಿಯ ಕಾಲದಲ್ಲಿಯೂ ಬೆಟ್ಟಗಳು ಇವೇ, ಕಾಡುಗಳು ಇವೇ, ವೈರಿಯು ಹೈದರನಿಗಿಂತ ದೊಡ್ಡವನು. ಭೇದವಿದ್ದುದು ಬಾಗಿಲನ್ನು ಕಾಯುವವರ ಒಮ್ಮನದಲ್ಲಿ.

1783ರಲ್ಲಿ ಆಂಗ್ಲ ಸೇನಾನಿ ಮ್ಯಾಥ್ಯೂಸನು ಈ ನಗರವನ್ನು ಹಿಡಿದನು. ಅದೇ ವರ್ಷ ಟಿಪ್ಪುವು ಅದನ್ನು ಮರಳಿ ಪಡೆದನು. ಆ ಬಳಿಕ ಊರು ತನ್ನ ಹಿಂದಿನ ಸ್ಥಿತಿಗೆ ಬರಲಿಲ್ಲ. ಶಿವಮೊಗ್ಗೆಯ ಕೋಟೆಯು ಬಹುಪಾಲು ಅಳಿದು ‘ಕೋಟೆ ರಸ್ತೆ’ ಎಂಬ ಹೆಸರಿನಲ್ಲಿ ಉಳಿದಿರುವಂತೆ ಬಿದನೂರಿನ ಬಾಗಿಲು ಬರಿಯ ಹೆಸರಾಗಿ ಹೋಗದಿರುವುದು ನಮ್ಮ ಭಾಗ್ಯ. ನಗರವನ್ನು ಸಂದರ್ಶಿಸುವವರು ಅಲ್ಲಿಯ ಕೊಪ್ಪಲು ಮಠಕ್ಕೂ ಹೋಗಿ ಕೆಳದಿ ಅರಸರ ಸಮಾಧಿಗಳನ್ನು ದರ್ಶಿಸಬೇಕು. ಬಾಗಿಲನ್ನು ಕಟ್ಟಿದವರೂ ಕಾದವರೂ ಅಲ್ಲಿ ಮೌನವಾಗಿದ್ದಾರೆ. ಅವರು ಬಿಟ್ಟುಹೋದ ಕಲ್ಲುಗಳನ್ನು ಕೀಳದೆ, ಅವುಗಳ ಮೇಲೆ ಹೆಸರು ಕೆತ್ತದೆ ಕಾಪಾಡುವುದು ಈಗಿನ ಕಾವಲುಗಾರರಾದ ನಮ್ಮ ಪಾಲಿಗೆ ಬಂದಿರುವ ಕರ್ತವ್ಯ.