ಕಬ್ಬನ್ ಉದ್ಯಾನದ ಕೆಂಪು ಗ್ರಂಥಾಲಯ ಮತ್ತು ನಮ್ಮ ಮಳವಳ್ಳಿ



ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ದೊಡ್ಡ ಕೆಂಪು ಕಟ್ಟಡವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು ಬಹಳ, ಒಳಗೆ ಹೋಗಿ ಓದುವವರು ಕಡಿಮೆ. ಅದೇ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ನಮ್ಮ ರಾಜ್ಯ ಕೇಂದ್ರ ಗ್ರಂಥಾಲಯ ಇರುವುದು ಇಲ್ಲಿಯೇ.

ಆ ಹೆಸರಿಗೂ ನಮ್ಮ ಜಿಲ್ಲೆಗೂ ಹತ್ತಿರದ ನಂಟಿದೆ. ಸರ್ ಕೆ. ಶೇಷಾದ್ರಿ ಅಯ್ಯರ್ ಅವರು 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದರು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆಯುವ ಕೆಲಸ ಆರಂಭವಾದದ್ದು ಅವರ ಕಾಲದಲ್ಲಿ. 1902ರಲ್ಲಿ ಆ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ತಲುಪಿತು, 1905ರಲ್ಲಿ ಬೆಂಗಳೂರನ್ನು ಬೆಳಗಿತು. ಅದನ್ನು ಕಣ್ಣಾರೆ ಕಾಣಲು ಅವರಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಅವರ ಪ್ರತಿಮೆಯನ್ನು 1913ರಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅನಾವರಣಗೊಳಿಸಿದರು. ಸ್ಮಾರಕ ಭವನ 1915ರಲ್ಲಿ ಸಿದ್ಧವಾಯಿತು. ಆಗ ದಿವಾನರಾಗಿದ್ದವರು ಕನ್ನಂಬಾಡಿ ಕಟ್ಟೆಯ ಸರ್ ಎಂ. ವಿಶ್ವೇಶ್ವರಯ್ಯನವರು. ಸಾರ್ವಜನಿಕ ಗ್ರಂಥಾಲಯಗಳು ಆರಂಭವಾಗಲು ಅವರ ಆಸಕ್ತಿಯೇ ಮುಖ್ಯ ಕಾರಣ. ಕಟ್ಟಡದ್ದು ಯುರೋಪಿನ ಶಾಸ್ತ್ರೀಯ ಶೈಲಿ. ಅಲಂಕಾರವಿಲ್ಲದ ಟಸ್ಕನ್ ಕಂಬಗಳೂ ತಲೆಯ ಮೇಲೆ ಎಲೆಗಳ ಕೆತ್ತನೆಯಿರುವ ಕೊರಿಂಥಿಯನ್ ಕಂಬಗಳೂ ಇಲ್ಲಿವೆ. ಎದುರಿಗೆ ಗುಲಾಬಿ ತೋಟವಿದೆ. ಅಂಧ ಓದುಗರಿಗಾಗಿ ಬ್ರೈಲ್ ವಿಭಾಗವೂ ಇದೆ.

ಇದು ಅರಮನೆಯ ಪುಸ್ತಕ ಭಂಡಾರವಲ್ಲ, ಜನರ ಸ್ವತ್ತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಅಪೂರ್ವ ಗ್ರಂಥ ಸಂಗ್ರಹವಿತ್ತು. 1799ರಲ್ಲಿ ಅದು ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಕಲ್ಕತ್ತ, ಲಂಡನ್‌ಗಳಿಗೆ ಹೋಯಿತು. ಅರಸರ ಪುಸ್ತಕಗಳು ಅರಸರೊಂದಿಗೇ ಹೋದವು. ಜನರ ಗ್ರಂಥಾಲಯವನ್ನು ಉಳಿಸಲು ಕಾನೂನೇ ಇದೆ: 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. ಮನೆಯ ಕಂದಾಯದ ರಸೀದಿಯನ್ನು ಒಮ್ಮೆ ನೋಡಿ, ಅದರಲ್ಲಿ ಗ್ರಂಥಾಲಯ ಕರ ಎಂಬುದಿರುತ್ತದೆ. ನಿಮ್ಮ ತಂದೆ ಕಟ್ಟಿದ ಆ ಹಣದಲ್ಲಿ ಪುಸ್ತಕ ಕೊಳ್ಳಲಾಗುತ್ತದೆ.

ಆದ್ದರಿಂದ ಪುಸ್ತಕ ಕೊಳ್ಳಲು ಹಣವಿಲ್ಲವೆಂದು ಓದು ನಿಲ್ಲಿಸಬೇಡಿ. ತಂಗಿಯರೇ, ಗ್ರಂಥಾಲಯದ ಬಾಗಿಲು ನಿಮಗೂ ತೆರೆದಿದೆ. ಬೆಂಗಳೂರಿಗೆ ಹೋದಾಗ ಆ ಕೆಂಪು ಕಟ್ಟಡದ ಒಳಗೂ ಹೋಗಿ ಬನ್ನಿ, ಆದರೆ ಅದಕ್ಕೂ ಮೊದಲು ನಿಮ್ಮ ಊರಿನ ಗ್ರಂಥಾಲಯದ ಸದಸ್ಯರಾಗಿ. ನಮ್ಮ ಧರ್ಮದಲ್ಲಿ ಪ್ರವಾದಿಯವರಿಗೆ ಮೊದಲು ಬಂದ ಆಜ್ಞೆಯೇ ಓದಿನ ಬಗ್ಗೆ. ಶಿವನಸಮುದ್ರದ ನೀರು ದೂರದ ಊರನ್ನು ಬೆಳಗಿತು. ನಮ್ಮ ಮನೆಗಳಲ್ಲಿ ಅರಿವಿನ ಬೆಳಕು ಹತ್ತಬೇಕಾದರೆ ನಾವೇ ಎದ್ದು ಗ್ರಂಥಾಲಯಕ್ಕೆ ಹೋಗಬೇಕು.