ಹಬಲ್‌ನಲ್ಲಿ ಹಟ ಹಿಡಿದ ಎರಡು ಬೋಲ್ಟುಗಳು

ಹಳೆಯ ಉಪಕರಣವೊಂದರ ಸ್ಕ್ರೂ ಬಿಚ್ಚಲು ನೀವು ಎಂದಾದರೂ ಹೆಣಗಾಡಿರಬಹುದು. ಸ್ಕ್ರೂ ಕದಲುವುದಿಲ್ಲ. ಬಲ ಹೆಚ್ಚಿಸಿದರೆ ಸ್ಕ್ರೂಡ್ರೈವರ್ ಜಾರಿ ಸ್ಕ್ರೂವಿನ ತಲೆಯೇ ಸವೆದುಹೋಗುತ್ತದೆ. ಇದೇ ತೊಂದರೆ ನೆಲದಿಂದ ಸುಮಾರು 560 ಕಿಲೋಮೀಟರ್ ಎತ್ತರದಲ್ಲಿ, ದಪ್ಪ ಕೈಗವಸು ತೊಟ್ಟು ತೇಲುತ್ತಿರುವಾಗ ಎದುರಾದರೆ?

1990ರಲ್ಲಿ ಕಕ್ಷೆ ಸೇರಿದ ಹಬಲ್ ದೂರದರ್ಶಕದ ಕೊನೆಯ ದುರಸ್ತಿಗಾಗಿ ಅಟ್ಲಾಂಟಿಸ್ ನೌಕೆಯು ಏಳು ಗಗನಯಾತ್ರಿಗಳೊಂದಿಗೆ 2009ರ ಮೇ 11ರಂದು ಹೊರಟಿತು. ಮೇ 14ರಂದು ಜಾನ್ ಗ್ರನ್ಸ್‌ಫೆಲ್ಡ್ ಮತ್ತು ಆಂಡ್ರ್ಯೂ ಫಾಯ್ಸ್‌ಟಲ್, 1993ರಲ್ಲಿ ಅಳವಡಿಸಿದ್ದ ಕ್ಯಾಮೆರಾವನ್ನು ತೆಗೆದು ಹೊಸದನ್ನು ಕೂರಿಸಬೇಕಿತ್ತು. ಹಳೆಯದನ್ನು ಹಿಡಿದಿದ್ದ ಬೋಲ್ಟ್ ತಿರುಗಲೇ ಇಲ್ಲ. ತಿರುಚುಬಲ ಮಿತಿ ಮೀರದಂತೆ ತಡೆಯುವ ಸಾಧನವೊಂದು ಅವರ ಉಪಕರಣದಲ್ಲಿತ್ತು. ಅದನ್ನು ಕಳಚಿದರೆ ಹೆಚ್ಚು ಬಲ ಹಾಕಬಹುದು. ಆದರೆ ಬೋಲ್ಟ್ ತುಂಡಾದರೆ ಹಳೆಯ ಕ್ಯಾಮೆರಾ ಅಲ್ಲೇ ಉಳಿದು, ಹೊಸದಕ್ಕೆ ಜಾಗವೇ ಇರುತ್ತಿರಲಿಲ್ಲ. ನೆಲದ ತಜ್ಞರು ಒಪ್ಪಿದ ಮೇಲೆ ಫಾಯ್ಸ್‌ಟಲ್ ಆ ಸಾಧನವಿಲ್ಲದೆಯೇ ತಿರುಗಿಸಿದರು. ಬೋಲ್ಟ್ ಸಡಿಲಗೊಂಡಿತು. ಸ್ಥಾಯೀ ಘರ್ಷಣೆಯು ಚಲನ ಘರ್ಷಣೆಗಿಂತ ಹೆಚ್ಚೆಂದು ನೀವು ಓದಿದ್ದೀರಿ. ಮೊದಲ ಕದಲಿಕೆಯೇ ಕಷ್ಟ, ಆಮೇಲಿನದು ಸುಲಭ.

ಮೇ 17ರ ಸಮಸ್ಯೆ ಬೇರೆ ಬಗೆಯದು. 2004ರ ಆಗಸ್ಟ್‌ನಲ್ಲಿ ವಿದ್ಯುತ್ ದೋಷದಿಂದ ನಿಂತುಹೋಗಿದ್ದ ರೋಹಿತಲೇಖಿಯನ್ನು ಮೈಕ್ ಮ್ಯಾಸಿಮಿನೊ ಮತ್ತು ಮೈಕ್ ಗುಡ್ ಸರಿಪಡಿಸಬೇಕಿತ್ತು. ಅನ್ಯಗ್ರಹವೊಂದರ ವಾಯುಮಂಡಲವನ್ನು ಮೊಟ್ಟಮೊದಲು ಪತ್ತೆಹಚ್ಚಲು ನೆರವಾದ ಉಪಕರಣವಿದು. ಅದರ ಮುಚ್ಚಳಕ್ಕೆ 111 ಪುಟ್ಟ ಸ್ಕ್ರೂಗಳು. ಬಿಚ್ಚಿದ ಸ್ಕ್ರೂಗಳು ತೇಲಿಹೋಗದಂತೆ ಹಿಡಿದಿಡುವ ವಿಶೇಷ ಫಲಕವನ್ನೂ ತಯಾರಿಸಿದ್ದರು. ಆದರೆ ಅದಕ್ಕೆ ಅಡ್ಡವಾಗಿದ್ದ ಹಿಡಿಕಂಬಿಯ ನಾಲ್ಕು ಬೋಲ್ಟುಗಳಲ್ಲಿ ಕೊನೆಯದರ ತಲೆ ಸವೆದುಹೋಯಿತು! ಇಲ್ಲಿ ತಿರುಚುಬಲ ಎಷ್ಟಿದ್ದರೂ ವ್ಯರ್ಥ. ಅದನ್ನು ಬೋಲ್ಟಿಗೆ ದಾಟಿಸುವ ಹಿಡಿತವೇ ಇಲ್ಲ.

ಹಾಗಾದರೆ ಉಪಾಯವೇನು? ಕಂಬಿಯ ಮೇಲ್ತುದಿ ಆಗಲೇ ಬಿಡುಗಡೆಯಾಗಿತ್ತು. ಅದನ್ನು ಹಿಡಿದೆಳೆದರೆ ಕಂಬಿಯೇ ಸನ್ನೆಯಾಗುತ್ತದೆ. ಗಾಡರ್ಡ್ ಕೇಂದ್ರದ ಎಂಜಿನಿಯರುಗಳು ನೆಲದಲ್ಲಿ ಅಂಥದೇ ಕಂಬಿಯನ್ನು ಎಳೆದು ನೋಡಿದರು. ಸುಮಾರು 27 ಕಿಲೋಗ್ರಾಂ ತೂಕದಷ್ಟು ಬಲ ಸಾಕೆಂದು ತಿಳಿಯಿತು. ಚೂರುಗಳು ಸಿಡಿಯದಂತೆ ಟೇಪ್ ಸುತ್ತಿ ಮ್ಯಾಸಿಮಿನೊ ಎಳೆದರು, ಕಂಬಿ ಕಿತ್ತುಬಂತು. 8 ಗಂಟೆಗೂ ಮೀರಿದ ಆ ನಡಿಗೆಯಲ್ಲಿ ದುರಸ್ತಿ ಮುಗಿಯಿತು. ರೋಹಿತಲೇಖಿ ಮತ್ತೆ ಕೆಲಸಕ್ಕೆ ಮರಳಿತು.

ಮೊದಲ ಬೋಲ್ಟ್ ಮುರಿಯಬಾರದಿತ್ತು. ಎರಡನೆಯದರಲ್ಲಿ ಮುರಿಯುವುದೇ ದಾರಿಯಾಗಿತ್ತು. ಎರಡೂ ಸಲ ಗೆಲ್ಲಿಸಿದ್ದು ಬರಿಯ ತೋಳ್ಬಲವಲ್ಲ, ಎಳೆಯುವ ಮುನ್ನ ಹಾಕಿದ ಲೆಕ್ಕ. ಮುಂದಿನ ಬಾರಿ ನಿಮ್ಮ ಸ್ಕ್ರೂ ಹಟ ಹಿಡಿದಾಗ ಕ್ಷಣಕಾಲ ನಿಂತು ಕೇಳಿಕೊಳ್ಳಿ: ನಾನು ಹಾಕುವ ಬಲ ಎಲ್ಲಿಗೆ ಹೋಗುತ್ತದೆ? ಮುರಿದರೆ ಮೊದಲು ಮುರಿಯುವುದು ಯಾವುದು?