ವಿಮಾನ ಹತ್ತಿದವರು, ಶಿಬಿರಕ್ಕೆ ಬಂದವರು

1959ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಿಂದ 81 ವಿದ್ಯಾರ್ಥಿಗಳು ಒಂದೇ ವಿಮಾನದಲ್ಲಿ ಅಮೆರಿಕಕ್ಕೆ ಹೊರಟರು. ಏರ್ಪಾಡು ಕಾರ್ಮಿಕ ನಾಯಕ ಟಾಮ್ ಎಂಬೋಯಾ ಅವರದು. ಕೀನ್ಯಾ ಆಗಿನ್ನೂ ಬ್ರಿಟಿಷರ ಕೈಯಲ್ಲಿತ್ತು. ಆಫ್ರಿಕನ್ ಮಕ್ಕಳಿಗೆ ಕಾಲೇಜು ಗಗನಕುಸುಮ. ಮರುವರ್ಷ ಇಂಥ ಪ್ರಯಾಣಗಳಿಗೆ ಕೆನಡಿ ಕುಟುಂಬದ ಪ್ರತಿಷ್ಠಾನ 1 ಲಕ್ಷ ಡಾಲರ್ ಕೊಟ್ಟಿತು. ಅದು ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ವರ್ಷವಾದ್ದರಿಂದ ಆ ಔದಾರ್ಯದಲ್ಲಿ ರಾಜಕೀಯವೂ ಬೆರೆತಿತ್ತೆನ್ನಿ. 1960ರಲ್ಲಿ ಹಾಗೆ ಹೋದ ಹುಡುಗಿಯೊಬ್ಬಳು ಕನ್ಸಾಸ್‌ನಲ್ಲಿ ಜೀವಶಾಸ್ತ್ರ ಓದಿ, ಮರಳಿ ಬಂದು ನಾಡಿನ ಹೆಂಗಸರಿಂದ ಗಿಡ ನೆಡಿಸಿದಳು. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವಂಗಾರಿ ಮಾಥಾಯ್ ಆಕೆಯೇ.

ಅರ್ಧ ಶತಮಾನದ ಬಳಿಕ ದಾರಿ ತಿರುಗಿತು.

2014ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯ 'ಯಂಗ್ ಆಫ್ರಿಕನ್ ಸ್ಕಾಲರ್ಸ್' ಶಿಬಿರಗಳನ್ನು ಆಫ್ರಿಕದಲ್ಲೇ ಆರಂಭಿಸಿತು. ಘಾನಾ, ರುವಾಂಡಾ, ಜಿಂಬಾಬ್ವೆಗಳಲ್ಲಿ ನಡೆದ ಶಿಬಿರಗಳಲ್ಲಿ ಪ್ರೌಢಶಾಲೆಯ ಮಕ್ಕಳು ಒಟ್ಟಿಗೆ ತಂಗಿ ಉಪನ್ಯಾಸ ಕೇಳಿದರು, ವಾದಿಸಿದರು, ವಿದೇಶಿ ಕಾಲೇಜುಗಳಿಗೆ ಅರ್ಜಿ ಹಾಕುವ ಬಗೆ ಕಲಿತರು. ಹೆಸರಿಗೆ ಇದು ಬೇಸಿಗೆ ಶಿಬಿರ; ಜುಲೈಯಲ್ಲಿ ಜಿಂಬಾಬ್ವೆಯ ಹರಾರೆಯಲ್ಲಾದರೋ ಚಳಿಗಾಲ!

ಶುಲ್ಕವಿರಲಿಲ್ಲ. ಪ್ರಯಾಣದ ಖರ್ಚು ಮನೆಯವರದು, ಕೈಲಾಗದವರಿಗೆ ನೆರವಿತ್ತು. ಆದರೆ ಅರ್ಜಿಯನ್ನೂ ಪ್ರಬಂಧವನ್ನೂ ಇಂಗ್ಲಿಷಿನಲ್ಲೇ ಬರೆಯಬೇಕಿತ್ತು. ಹಳ್ಳಿ ಶಾಲೆಯ ಜಾಣ ಮಕ್ಕಳನ್ನು ತಡೆಯುವುದು ಬಹುಶಃ ಖರ್ಚಿಗಿಂತ ಹೆಚ್ಚಾಗಿ ಇಂಥ ಭಾಷೆಯ ಷರತ್ತೇ.